ಹೊಗೆಸೊಪ್ಪಿನ ಹೊಂಬಣ್ಣದ ಹಿಂದೆ

ಬದನೆಕಾಯಿ ಹೆಚ್ಚುವವರು ಪಕ್ಕದಲ್ಲಿ ಒಂದು ಪಾತ್ರೆ ನೀರಿಟ್ಟುಕೊಳ್ಳುವುದನ್ನು ನೀವು ನೋಡಿರುತ್ತೀರಿ. ಹೆಚ್ಚಿದ ಹೋಳುಗಳನ್ನು ನೀರಿಗೆ, ಕೆಲವರು ಉಪ್ಪುನೀರಿಗೆ, ಹಾಕುತ್ತಾರೆ. ಹಾಕದಿದ್ದರೆ ಹೋಳು ಕಪ್ಪಾಗುತ್ತದೆ. ಅದು ಕೊಳೆತದ್ದರಿಂದ ಬಂದ ಬಣ್ಣವಲ್ಲ. ಬದನೆಯ ತಿರುಳಿನಲ್ಲಿ ಕ್ಲೋರೊಜೆನಿಕ್ ಆಮ್ಲ ಎಂಬ ವಸ್ತುವಿದೆ. ಅದೇ ಜೀವಕೋಶದ ಇನ್ನೊಂದು ಭಾಗದಲ್ಲಿ ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವವಿದೆ. ಚಾಕು ತಗುಲಿ ಕೋಶದ ಒಳಗಿನ ಗೋಡೆಗಳು ಒಡೆದಾಗ ಇವೆರಡೂ ಬೆರೆಯುತ್ತವೆ. ಗಾಳಿಯ ಆಕ್ಸಿಜನ್ ಜೊತೆಗೂಡುತ್ತದೆ. ಆಗ ಆಮ್ಲವು ಉತ್ಕರ್ಷಣಗೊಂಡು ಕಂದು ಬಣ್ಣದ ವಸ್ತುವಾಗಿ ಮಾರ್ಪಡುತ್ತದೆ. ನೀರಿನಲ್ಲಿ ಮುಳುಗಿದ ಹೋಳಿಗೆ ಗಾಳಿ ಸುಲಭವಾಗಿ ಸಿಗುವುದಿಲ್ಲ, ಹಾಗಾಗಿ ಅದು ಬೆಳ್ಳಗೇ ಉಳಿಯುತ್ತದೆ.

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ಮಳೆಗಾಲದ ಕೊನೆಯ ತಿಂಗಳುಗಳಲ್ಲಿ ರೈತರು ರಾತ್ರಿಯೆಲ್ಲ ನಿದ್ದೆಗೆಟ್ಟು ತಡೆಯಲು ಹೆಣಗುವುದು ಇದೇ ಕ್ರಿಯೆಯನ್ನು. ಆದರೆ ಅವರ ಕೈಯಲ್ಲಿರುವುದು ಬದನೆಯಲ್ಲ, ಅದರ ದಾಯಾದಿಯಾದ ತಂಬಾಕು. ಬದನೆ, ಆಲೂಗೆಡ್ಡೆ, ಟೊಮೇಟೊ, ಮೆಣಸಿನಕಾಯಿ, ತಂಬಾಕು ಎಲ್ಲವೂ ಒಂದೇ ಸಸ್ಯ ಕುಟುಂಬಕ್ಕೆ ಸೇರಿದವು. ತಂಬಾಕಿನ ಎಲೆಯಲ್ಲೂ ಕ್ಲೋರೊಜೆನಿಕ್ ಆಮ್ಲ ಹೇರಳವಾಗಿದೆ. ಜೊತೆಗೆ ರುಟಿನ್ ಎಂಬ ಇನ್ನೊಂದು ವಸ್ತುವೂ ಇದೆ. ಇವೆರಡೂ ಇಂದು ಎಲ್ಲರ ಬಾಯಲ್ಲಿರುವ ‘ಉತ್ಕರ್ಷಣ ನಿರೋಧಕ’ಗಳು. ಹೊಗೆಸೊಪ್ಪಿನಲ್ಲಿ ಉತ್ಕರ್ಷಣ ನಿರೋಧಕವೇ ಎಂದು ನೀವು ಹುಬ್ಬೇರಿಸಬಹುದು. ಇದೆ, ಸಾಕಷ್ಟಿದೆ. ಅದನ್ನು ಎಲೆಯಿಂದ ಬೇರ್ಪಡಿಸಿ ಔಷಧವಾಗಿ ಮಾರುವ ಪ್ರಯತ್ನ 80 ವರ್ಷಗಳಿಗೂ ಹಿಂದೆಯೇ ನಡೆದಿತ್ತು.

ಎಲೆಗೆ ಅದರ ಅಗತ್ಯವೇನು?

ಎಲೆಯು ಇಡೀ ದಿನ ಬಿಸಿಲಿಗೆ ಮೈಯೊಡ್ಡಿ ನಿಂತಿರುತ್ತದೆ. ದ್ಯುತಿಸಂಶ್ಲೇಷಣೆಯ ಗಡಿಬಿಡಿಯಲ್ಲಿ ಆಕ್ಸಿಜನ್‌ನ ಕೆಲವು ಪುಂಡ ರೂಪಗಳು ಹುಟ್ಟಿಕೊಳ್ಳುತ್ತವೆ. ಅವು ಕೊಬ್ಬು, ಪ್ರೋಟೀನು, ಡಿಎನ್‌ಎ ಯಾವುದನ್ನಾದರೂ ಕೆಡಿಸಬಲ್ಲವು. ಉತ್ಕರ್ಷಣ ನಿರೋಧಕವೆಂದರೆ ಅವುಗಳಿಗೆ ತನ್ನದೇ ಎಲೆಕ್ಟ್ರಾನನ್ನೋ ಹೈಡ್ರೋಜನ್ ಪರಮಾಣುವನ್ನೋ ಕೊಟ್ಟು, ಉಳಿದವುಗಳ ಬದಲಿಗೆ ತಾನೇ ಉತ್ಕರ್ಷಣಗೊಳ್ಳುವ ಅಣು. ಕಪ್ಪಾದ ಬದನೆ ಹೋಳನ್ನು ಮತ್ತೊಮ್ಮೆ ನೆನಪಿಸಿಕೊಳ್ಳಿ. ಅಲ್ಲಿ ಕಣ್ಣಿಗೆ ಕಾಣುವುದು ಉತ್ಕರ್ಷಣ ನಿರೋಧಕವು ಖರ್ಚಾಗುತ್ತಿರುವ ದೃಶ್ಯ. ರುಟಿನ್‌ಗೆ ಇನ್ನೂ ಒಂದು ಕೆಲಸವಿದೆ. ಅದು ಅತಿನೇರಿಳೆ ಕಿರಣಗಳನ್ನು ಹೀರಿಕೊಂಡು ಎಲೆಗೆ ಕೊಡೆಯಾಗುತ್ತದೆ. ಬಿಸಿಲಿನಲ್ಲಿ ಬೆಳೆದ ಎಲೆಯಲ್ಲಿ ನೆರಳಿನ ಎಲೆಗಿಂತ ಇಂತಹ ವಸ್ತುಗಳು ಹೆಚ್ಚಿರುವುದು ಇದರಿಂದಲೇ.

ಕ್ಲೋರೊಜೆನಿಕ್ ಎಂಬ ಹೆಸರು ಕೇಳಿ ಕ್ಲೋರಿನ್ ನೆನಪಾದರೆ ಅದನ್ನು ಮರೆತುಬಿಡಿ. ಗ್ರೀಕ್ ಮೂಲದಲ್ಲಿ ಆ ಶಬ್ದಕ್ಕೆ ಹಸಿರು ಎಂಬ ಅರ್ಥವಿದೆ. ಈ ಆಮ್ಲ ಉತ್ಕರ್ಷಣಗೊಳ್ಳುವಾಗ ಹಸಿರು ಬಣ್ಣ ಕೊಡಬಲ್ಲದು, ಹೆಸರು ಬಂದದ್ದು ಅಲ್ಲಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ರಸಾಯನಜ್ಞರ ಕಣ್ಣಿಗೆ ಬಿದ್ದದ್ದು ಹಸಿ ಕಾಫಿ ಬೀಜದಲ್ಲಿ. ಅರಕಲಗೂಡಿನ ನೆರೆಯ ಸಕಲೇಶಪುರದ ಕಾಫಿ ಬೀಜದಲ್ಲಿ, ಹುರಿಯುವ ಮೊದಲು, ಅದು ತೂಕದ ನೂರಕ್ಕೆ ಐದು ಭಾಗಕ್ಕೂ ಹೆಚ್ಚು. ರುಟಿನ್ ಅನ್ನು 1842ರಲ್ಲಿ ನಾಗದಾಳಿ ಗಿಡದಿಂದ ಬೇರ್ಪಡಿಸಿದವನು ಆಗಸ್ಟ್ ವೈಸ್ ಎಂಬ ಜರ್ಮನ್ ಔಷಧಿ ವ್ಯಾಪಾರಿ. ಆ ಗಿಡದ ಲ್ಯಾಟಿನ್ ಹೆಸರು ‘ರೂಟ’. ಹಾಗಾಗಿ ವಸ್ತುವಿಗೆ ರುಟಿನ್ ಎಂಬ ಹೆಸರಾಯಿತು.

ಈಗ ಔಷಧಿ ಅಂಗಡಿಗಳಲ್ಲಿ ಆಲಿವ್ ಎಲೆಯ ಸಾರದ ಗುಳಿಗೆಗಳು ಸಿಗುತ್ತವೆ. ಅದರಲ್ಲಿ ಓಲಿಯುರೋಪಿನ್ ಮುಖ್ಯ ವಸ್ತು, ರುಟಿನ್ ಕೂಡ ಇರುತ್ತದೆ. ಯಾವ ತಳಿಯ ಆಲಿವ್ ಎಲೆಯಲ್ಲಿ ಏನು ಎಷ್ಟಿದೆ ಎಂದು ಸ್ಪೇನ್, ಇಟಲಿ, ಗ್ರೀಸ್ ದೇಶಗಳ ವಿಜ್ಞಾನಿಗಳು ಅಳೆಯುತ್ತ ಬಂದಿದ್ದಾರೆ. ತಳಿಯಿಂದ ತಳಿಗೆ ಪ್ರಮಾಣ ಬದಲಾಗುತ್ತದೆ, ನಿಜ. ಆದರೆ ಒಂದೇ ಮರದ ಎಲೆಯನ್ನು ಎರಡು ಬಗೆಯಲ್ಲಿ ಒಣಗಿಸಿದರೂ ಪ್ರಮಾಣ ಬದಲಾಗುತ್ತದೆ. ಎಲೆ ಒಣಗುವಾಗ ಅದರ ಕಿಣ್ವಗಳು ಸುಮ್ಮನಿರುವುದಿಲ್ಲ. ತಳಿಗಿಂತ ಒಣಗಿಸುವ ಕ್ರಮವೇ ಮುಖ್ಯವಾಗುವುದಕ್ಕೆ ಎಲ್ಲಕ್ಕಿಂತ ದೊಡ್ಡ ಉದಾಹರಣೆ ತಂಬಾಕು.

ಇದ್ದಿಲಿನ ಬೆಂಕಿ

ಒಂದು ಕಾಲದಲ್ಲಿ ಎಲ್ಲ ತಂಬಾಕೂ ಕಂದು ಬಣ್ಣದ್ದೇ. ಗಾಳಿಯಲ್ಲೋ ಬಿಸಿಲಿನಲ್ಲೋ ವಾರಗಟ್ಟಲೆ ನಿಧಾನವಾಗಿ ಒಣಗಿಸಿದರೆ ಎಲೆ ಸಾಯುವ ಮೊದಲು ಕಿಣ್ವಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ. ಕ್ಲೋರೊಜೆನಿಕ್ ಆಮ್ಲ, ರುಟಿನ್ ಎರಡೂ ಬಹುಪಾಲು ನಾಶವಾಗುತ್ತವೆ. ನಮ್ಮ ಜಗಿಯುವ ಹೊಗೆಸೊಪ್ಪಿನ ಗಾಢ ಬಣ್ಣ ಹೀಗೆ ಬಂದದ್ದು.

ಬದಲಾವಣೆ ಬಂದ ವರ್ಷ 1839 ಎನ್ನುತ್ತಾರೆ. ಅಮೆರಿಕದ ಉತ್ತರ ಕೆರೊಲಿನಾದ ಕ್ಯಾಸ್‌ವೆಲ್ ಕೌಂಟಿಯಲ್ಲಿ ಏಬಿಶ ಸ್ಲೇಡ್ ಎಂಬವನ ಜಮೀನು. ಅಲ್ಲಿ ಸ್ಟೀಫನ್ ಎಂಬ ಗುಲಾಮ ತಂಬಾಕಿನ ಬೆಂಕಿ ಕಾಯುತ್ತಿದ್ದ. ಕುಲುಮೆ ಕೆಲಸವೂ ಅವನದೇ. ಕಾವಲಿನಲ್ಲಿ ನಿದ್ದೆ ಹತ್ತಿತು, ಎದ್ದಾಗ ಬೆಂಕಿ ಆರುವ ಹಂತಕ್ಕೆ ಬಂದಿತ್ತು. ಗಾಬರಿಯಾಗಿ ಕುಲುಮೆಯ ಬಳಿಯಿದ್ದ ಇದ್ದಿಲನ್ನು ತಂದು ಸುರಿದ. ಶಾಖ ಥಟ್ಟನೆ ಏರಿತು. ಎಲೆ ಹಳದಿಯಾಗಿಯೇ ಒಣಗಿ ನಿಂತಿತು. ಆ ಎಲೆಗೆ ಒಳ್ಳೆಯ ಬೆಲೆ ಬಂತು, ಜಮೀನುದಾರನಿಗೆ ಹಣವಾಯಿತು. ಸ್ಟೀಫನ್‌ಗೆ ಅದರಲ್ಲಿ ಪಾಲಿರಲಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮುಂದೆ ಇದ್ದಿಲಿನ ಬದಲು ಲೋಹದ ಕೊಳವೆಗಳಲ್ಲಿ ಬಿಸಿ ಹೊಗೆ ಹಾಯಿಸಿ ಒಳಗೆ ಬರೀ ಶಾಖ ಸಿಗುವಂತೆ ಮಾಡಿದರು. ಅರಕಲಗೂಡಿನ ಬ್ಯಾರನ್‌ಗಳದ್ದೂ ಇದೇ ವಿಧಾನ. ಹೊಗೆಸೊಪ್ಪಿಗೆ ಹೊಗೆ ತಾಗದಂತೆ ಮಾಡುವ ಈ ವ್ಯವಸ್ಥೆಯ ಹೆಸರಿನಿಂದಲೇ ‘ಫ್ಲೂ ಕ್ಯೂರ್ಡ್ ವರ್ಜೀನಿಯಾ’ ಎಂಬ ಮಾತು ಬಂತು. ರೈತರ ಬಾಯಲ್ಲಿ ಅದು ಬರೀ ‘ವರ್ಜೀನಿಯಾ’.

ಬ್ಯಾರನ್ನಿನ ಐದು ದಿನ

ಈ ತಂಬಾಕು 1920ರ ದಶಕದಲ್ಲಿ ಗುಂಟೂರಿನ ಕಪ್ಪು ಮಣ್ಣಿನಲ್ಲಿ ಬೇರೂರಿತು. ಕರ್ನಾಟಕದಲ್ಲಿ ಅದಕ್ಕೆ ಒಗ್ಗಿದ್ದು ಹುಣಸೂರು, ಪಿರಿಯಾಪಟ್ಟಣ, ಅರಕಲಗೂಡು ಭಾಗದ ಹಗುರವಾದ ಕೆಂಪು ಮರಳುಮಿಶ್ರಿತ ನೆಲ. ಮಣ್ಣಿನ ಆಯ್ಕೆಗೂ ಬಣ್ಣಕ್ಕೂ ಸಂಬಂಧವಿದೆ. ಹಗುರ ಮಣ್ಣಿನಲ್ಲಿ ಸಾರಜನಕ ಬೇಗ ಮುಗಿಯುತ್ತದೆ. ಮುಗಿದ ಮೇಲೆ ಎಲೆ ತಾನಾಗಿ ಹಸಿರು ಬಿಡಲು ಸಿದ್ಧವಾಗುತ್ತದೆ. ಯೂರಿಯಾ ಜಾಸ್ತಿ ಬಿದ್ದ ಹೊಲದ ಎಲೆ ಬ್ಯಾರನ್ನಿನಲ್ಲಿ ಹಳದಿಯಾಗಲು ಒಪ್ಪುವುದೇ ಇಲ್ಲ.

ಮೇ ತಿಂಗಳ ಮಳೆಗೆ ಸಸಿ ನೆಟ್ಟರೆ ಜುಲೈ ಕೊನೆಯ ಹೊತ್ತಿಗೆ ಕೆಳಗಿನ ಎಲೆಗಳು ಬಲಿಯುತ್ತವೆ. ಒಂದು ಸಲಕ್ಕೆ ಗಿಡಕ್ಕೆ ಎರಡೋ ಮೂರೋ ಎಲೆ ಮುರಿದು, ಕೋಲಿಗೆ ಕಟ್ಟಿ, ಬ್ಯಾರನ್ನಿನೊಳಗೆ ಸಾಲುಸಾಲಾಗಿ ತೂಗುಹಾಕುತ್ತಾರೆ. ಮಳೆ ನೀರಿನಲ್ಲಿ ನೆನೆದ ಎಲೆ ಮುರಿಯುವಾಗ ನಿಕೋಟಿನ್ ಚರ್ಮದ ಮೂಲಕ ಒಳಗಿಳಿದು ತಲೆಸುತ್ತು, ವಾಂತಿ ಬರುವುದುಂಟು. ಈ ಮಾತು ಬಣ್ಣಕ್ಕೆ ಸಂಬಂಧಿಸಿದ್ದಲ್ಲ, ಆದರೂ ಹೇಳದೆ ಮುಂದೆ ಹೋಗುವಂತಿಲ್ಲ.

ಮೊದಲ ಒಂದೂವರೆ ಎರಡು ದಿನ ಶಾಖ ಸಣ್ಣಗಿರಬೇಕು, ಸುಮಾರು 35 ಡಿಗ್ರಿ ಸೆಲ್ಸಿಯಸ್. ಒಳಗೆ ತೇವ ತುಂಬಿರಬೇಕು. ಎಲೆ ಇನ್ನೂ ಜೀವಂತವಾಗಿದೆ. ಪತ್ರಹರಿತ್ತು ಒಡೆಯುತ್ತದೆ, ಪಿಷ್ಟ ಸಕ್ಕರೆಯಾಗುತ್ತದೆ, ಹಸಿರಿನ ಹಿಂದೆ ಅಡಗಿದ್ದ ಕ್ಯಾರೋಟಿನ್ ಮತ್ತು ಲ್ಯೂಟೀನ್‌ಗಳ ಹಳದಿ ಹೊರಗೆ ಬರುತ್ತದೆ. ಮುಂದಿನ ಹಂತವೇ ನಿರ್ಣಾಯಕ. ಹಳದಿ ಬಂದ ಕೂಡಲೆ ಗಾಳಿಕಂಡಿ ತೆರೆದು ತೇವವನ್ನು ಹೊರಹಾಕುತ್ತ ಶಾಖ ಏರಿಸಬೇಕು. ತೇವ ಒಳಗಿದ್ದಾಗಲೇ ಶಾಖ ಏರಿದರೆ ಜೀವಕೋಶಗಳು ಒಡೆದು, ಕಿಣ್ವ ಮತ್ತು ಕ್ಲೋರೊಜೆನಿಕ್ ಆಮ್ಲ ಬೆರೆತು, ಎಲೆ ಕೆಲವೇ ಗಂಟೆಗಳಲ್ಲಿ ಕಂದಾಗುತ್ತದೆ. ಅವಸರ ಮಾಡಿ ಬೇಗನೆ ಒಣಗಿಸಿದರೆ ಹಸಿರು ಉಳಿದುಬಿಡುತ್ತದೆ. ಸರಿಯಾದ ಹೊತ್ತಿಗೆ ನೀರು ತೆಗೆದರೆ ಕಿಣ್ವಕ್ಕೆ ಕೆಲಸ ಮಾಡಲು ಮಾಧ್ಯಮವೇ ಇಲ್ಲದಂತಾಗುತ್ತದೆ, ಹಳದಿ ಹಾಗೆಯೇ ನಿಲ್ಲುತ್ತದೆ. ಕೊನೆಗೆ ಎಲೆಯ ದಿಂಡು ಒಣಗಲು ಶಾಖವನ್ನು 70 ಡಿಗ್ರಿಯ ಆಸುಪಾಸಿಗೆ ಒಯ್ಯುತ್ತಾರೆ. ಒಟ್ಟು ಐದಾರು ದಿನ. ರೈತರ ತಾಪಮಾಪಕದಲ್ಲಿ ಈ ಲೆಕ್ಕವೆಲ್ಲ ಫ್ಯಾರನ್‌ಹೀಟಿನಲ್ಲಿ, 95ರಿಂದ 160ರವರೆಗೆ, ನಡೆಯುತ್ತದೆ.

ಇದನ್ನು ನೀವೇ ಸಣ್ಣದಾಗಿ ಪರೀಕ್ಷಿಸಬಹುದು. ಆಲೂಗೆಡ್ಡೆಯ ಎರಡು ಹೋಳು ತೆಗೆದುಕೊಳ್ಳಿ. ಒಂದನ್ನು ಹಾಗೆಯೇ ತಟ್ಟೆಯಲ್ಲಿಡಿ. ಇನ್ನೊಂದನ್ನು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ತೆಗೆದಿಡಿ. ಅರ್ಧ ಗಂಟೆಯ ಬಳಿಕ ನೋಡಿದರೆ ಕಿಣ್ವ ಯಾವುದರಲ್ಲಿ ಸತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ. ಬ್ಯಾರನ್ನಿನಲ್ಲಿ ಹೀಗೆ ಕುದಿಸುವಂತಿಲ್ಲ. ಅಲ್ಲಿ ಕಿಣ್ವವನ್ನು ಒಣಗಿಸಿ ಸುಮ್ಮನಾಗಿಸುವುದೊಂದೇ ದಾರಿ.

ಹೀಗೆ ನೋಡಿದರೆ ಹೊಂಬಣ್ಣದ ಎಲೆ ಎಂದರೆ ಉತ್ಕರ್ಷಣ ನಿರೋಧಕಗಳನ್ನು ಬಹುಮಟ್ಟಿಗೆ ಉಳಿಸಿಕೊಂಡ ಎಲೆ. ರಾಮನಾಥಪುರದಲ್ಲಿ ಕಾವೇರಿ ದಡದ ದೇವಾಲಯಗಳನ್ನು ನೋಡಲು ಹೋಗುವವರಿಗೆ ಊರಿನ ಇನ್ನೊಂದು ಗುರುತಾದ ತಂಬಾಕು ಹರಾಜು ಮಾರುಕಟ್ಟೆ ಕಾಣದಿರದು. ಅಲ್ಲಿನ 7 ಮತ್ತು 63ನೇ ಸಂಖ್ಯೆಯ ಹರಾಜು ಕಟ್ಟೆಗಳಲ್ಲಿ ಬೇಲಿನ ಬಣ್ಣ ನೋಡಿ ಕಿಲೋಗೆ ಬೆಲೆ ಕೂಗುತ್ತಾರೆ. ತಂಬಾಕು ಮಂಡಳಿ ಕಾಯಿದೆ ಬಂದದ್ದು 1975ರಲ್ಲಿ. 1976ರ ಜನವರಿಯಲ್ಲಿ ಮಂಡಳಿ ಗುಂಟೂರಿನಲ್ಲಿ ಸ್ಥಾಪನೆಯಾಯಿತು. ಕರ್ನಾಟಕದಲ್ಲಿ ಹರಾಜು ಆರಂಭವಾದದ್ದು 1984ರಲ್ಲಿ. ಅದಕ್ಕೆ ಮೊದಲು ಖರೀದಿದಾರ ಹೇಳಿದ್ದೇ ದರ್ಜೆ, ಅವನು ಕೊಟ್ಟದ್ದೇ ಬೆಲೆ. ಒಂದು ರಾತ್ರಿ ಒಲೆಯ ಮುಂದೆ ಕಣ್ಣು ಮುಚ್ಚಿದ ರೈತನಿಗೆ ಬಣ್ಣದಲ್ಲಿ ಆಗುವ ನಷ್ಟ ಇಂದಿಗೂ ಕಡಿಮೆಯೇನಲ್ಲ.

ಈ ಭಾಗದಲ್ಲಿ ಕಾಂಚನ್, ಎಫ್‌ಸಿಎಚ್ 222 ಮುಂತಾದ ತಳಿಗಳು ಬಳಕೆಗೆ ಬಂದಿವೆ. ತಳಿ ಆರಿಸುವಾಗ ನೋಡುವುದು ಇಳುವರಿ, ಸೊರಗು ರೋಗ ತಡೆಯುವ ಶಕ್ತಿ, ಸಕ್ಕರೆ ಮತ್ತು ನಿಕೋಟಿನ್‌ಗಳ ಪ್ರಮಾಣ, ಹದಗೊಳಿಸಿದ ಮೇಲಿನ ಬಣ್ಣ. ಬಣ್ಣವನ್ನು ಆರಿಸಿದವರು ತಮಗರಿವಿಲ್ಲದೆ ರುಟಿನ್‌ಗೂ ಒಂದು ಓಟು ಹಾಕಿದಂತಾಗುತ್ತದೆ.

ಫಿಲಡೆಲ್ಫಿಯಾದ ಪ್ರಯೋಗಾಲಯ

1938ರ ಒಂದು ಕಾಯಿದೆಯಂತೆ ಅಮೆರಿಕದ ಕೃಷಿ ಇಲಾಖೆ ನಾಲ್ಕು ಪ್ರಾದೇಶಿಕ ಪ್ರಯೋಗಾಲಯಗಳನ್ನು ಕಟ್ಟಿತು. ಮಾರಾಟವಾಗದೆ ಉಳಿಯುವ ಬೆಳೆಗಳಿಗೆ ಹೊಸ ಉಪಯೋಗ ಹುಡುಕುವುದು ಅವುಗಳ ಕೆಲಸ. ಪಿಯೋರಿಯಾದ ಪ್ರಯೋಗಾಲಯ ಪೆನಿಸಿಲಿನ್‌ನಿಂದ ಹೆಸರಾಯಿತು. ಫಿಲಡೆಲ್ಫಿಯಾ ಬಳಿಯ ಪ್ರಯೋಗಾಲಯದ ಪಾಲಿಗೆ ಬಂದ ಬೆಳೆಗಳಲ್ಲಿ ತಂಬಾಕೂ ಒಂದು. ಅಲ್ಲಿ ಜೇಮ್ಸ್ ಕೌಚ್ ಎಂಬ ರಸಾಯನಜ್ಞ 1940ರ ದಶಕದ ಆರಂಭದಲ್ಲಿ ಹಳದಿ ವರ್ಜೀನಿಯಾ ಎಲೆಯಿಂದ ರುಟಿನ್ ಹರಳುಗಳನ್ನು ತೆಗೆದ.

ಕಾಲ ಅದಕ್ಕೆ ಅನುಕೂಲವಾಗಿತ್ತು. ಹಂಗೆರಿಯ ಆಲ್ಬರ್ಟ್ ಸೆಂಟ್-ಗ್ಯೋರ್ಗಿ 1936ರಲ್ಲಿ ನಿಂಬೆ ಮತ್ತು ದೊಣ್ಣೆಮೆಣಸಿನಕಾಯಿಗಳ ಸಾರದಲ್ಲಿ ಸೂಕ್ಷ್ಮ ರಕ್ತನಾಳಗಳನ್ನು ಗಟ್ಟಿಗೊಳಿಸುವ ವಸ್ತುವಿದೆ ಎಂದು ಹೇಳಿ ಅದನ್ನು ‘ವಿಟಮಿನ್ ಪಿ’ ಎಂದು ಕರೆದಿದ್ದರು. ರುಟಿನ್ ಅದೇ ಗುಂಪಿನ ವಸ್ತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ವೈದ್ಯ ಜಾನ್ ಗ್ರಿಫಿತ್ ಅದನ್ನು ರಕ್ತದೊತ್ತಡದ ರೋಗಿಗಳಿಗೆ ಕೊಟ್ಟು ನೋಡಿದರು. 1944ರಲ್ಲಿ ಅವರು ಕೌಚ್ ಜೊತೆಗೂಡಿ ಫಲಿತಾಂಶ ಪ್ರಕಟಿಸಿದಾಗ ರುಟಿನ್‌ಗೆ ಬೇಡಿಕೆ ಎದ್ದಿತು.

ಆಗ ಎದುರಾದದ್ದು ನಮ್ಮ ಹರಾಜು ಕಟ್ಟೆಯ ಲೆಕ್ಕವೇ. ರುಟಿನ್ ಚೆನ್ನಾಗಿ ಉಳಿದಿರುವುದು ಒಳ್ಳೆಯ ಬಣ್ಣದ, ದುಬಾರಿ ದರ್ಜೆಯ ಎಲೆಯಲ್ಲಿ. ಅಗ್ಗದ ಕಂದು ಎಲೆಯಲ್ಲಿ ಅದು ಆಗಲೇ ಖರ್ಚಾಗಿಹೋಗಿರುತ್ತದೆ. ಯಾರೂ ಕೊಳ್ಳದ ಎಲೆಗೆ ಉಪಯೋಗ ಹುಡುಕಲು ಹೊರಟವರಿಗೆ ಎಲ್ಲರೂ ಕೊಳ್ಳುವ ಎಲೆಯೇ ಬೇಕಾಯಿತು. ಕೌಚ್ ಮತ್ತು ಸಂಗಡಿಗರು ತಂಬಾಕನ್ನು ಬಿಟ್ಟು ಬಕ್‌ವೀಟ್ ಗಿಡಕ್ಕೆ ಹೊರಳಿದರು. ಉತ್ತರ ಭಾರತದವರು ಉಪವಾಸದ ದಿನ ರೊಟ್ಟಿ ಮಾಡುವ ಕುಟ್ಟು ಎಂದರೆ ಅದೇ. ಅದರ ಹಸಿರು ಗಿಡದಲ್ಲಿ ರುಟಿನ್ ಹೆಚ್ಚು, ಬೆಲೆ ಕಡಿಮೆ. 1950ರಲ್ಲಿ ಅಮೆರಿಕದ ಜೀವರಸಾಯನ ಮತ್ತು ಪೋಷಣಾ ಸಂಘಗಳು ‘ವಿಟಮಿನ್ ಪಿ’ ಎಂಬ ಹೆಸರನ್ನು ಕೈಬಿಡುವಂತೆ ಹೇಳಿದವು, ಏಕೆಂದರೆ ಅದಿಲ್ಲದೆ ಯಾವ ಕೊರತೆಯ ರೋಗವೂ ಬರುವುದು ಕಾಣಲಿಲ್ಲ.

ಎಲೆಯಲ್ಲಿ ಇನ್ನೊಂದು ನಿಧಿ

1956ರಲ್ಲಿ ಅಮೆರಿಕದ ರೋಲೆಂಡ್ ಮತ್ತು ಸಂಗಡಿಗರು ವರ್ಜೀನಿಯಾ ಎಲೆಯಿಂದ ಮೇಣದಂತಹ ಒಂದು ಆಲ್ಕೊಹಾಲನ್ನು ಬೇರ್ಪಡಿಸಿ ಸೊಲನೆಸಾಲ್ ಎಂದು ಹೆಸರಿಟ್ಟರು. ಮರುವರ್ಷ ವಿಸ್ಕಾನ್ಸಿನ್‌ನಲ್ಲಿ ಫ್ರೆಡರಿಕ್ ಕ್ರೇನ್ ದನದ ಹೃದಯದ ಮೈಟೊಕಾಂಡ್ರಿಯಗಳಿಂದ ಹಳದಿ ಹರಳೊಂದನ್ನು ಪಡೆದರು. ಅದೇ ಸಹಕಿಣ್ವ ಕ್ಯೂ10. ಜೀವಕೋಶ ಶಕ್ತಿ ಉತ್ಪಾದಿಸಲು ಅದು ಅನಿವಾರ್ಯ, ಕೊಬ್ಬಿನ ಪೊರೆಗಳನ್ನು ಕಾಯುವ ಉತ್ಕರ್ಷಣ ನಿರೋಧಕವೂ ಹೌದು. ಮರ್ಕ್ ಕಂಪನಿಯ ಕಾರ್ಲ್ ಫೋಕರ್ಸ್ ತಂಡ 1958ರಲ್ಲಿ ಅದರ ರಚನೆಯನ್ನು ಬಿಡಿಸಿತು. ಅದಕ್ಕೆ ಐದೈದು ಇಂಗಾಲದ ಹತ್ತು ಕೊಂಡಿಗಳ ಉದ್ದನೆಯ ಬಾಲವಿದೆ. 1959ರಲ್ಲಿ ಅದೇ ತಂಡ ಸೊಲನೆಸಾಲ್‌ನ ರಚನೆಯನ್ನೂ ಖಚಿತಪಡಿಸಿತು. ಅದರಲ್ಲಿದ್ದದ್ದು ಅಂತಹವೇ ಒಂಬತ್ತು ಕೊಂಡಿಗಳು!

ಒಂದು ಕೊಂಡಿ ಸೇರಿಸಿದರೆ ಬಾಲ ಸಿದ್ಧ. ಜಪಾನಿನ ಕಂಪನಿಗಳು ಈ ದಾರಿ ಹಿಡಿದವು. 1974ರಲ್ಲಿ ಅಲ್ಲಿ ಕ್ಯೂ10 ಹೃದಯ ವೈಫಲ್ಯಕ್ಕೆ ಔಷಧವಾಗಿ ಬಂತು. ರುಟಿನ್‌ಗೆ ಹೋಲಿಸಿದರೆ ಸೊಲನೆಸಾಲ್‌ಗೆ ದೊಡ್ಡ ಅನುಕೂಲವೊಂದಿದೆ. ಅದಕ್ಕೆ ಬಣ್ಣ ಬೇಕಿಲ್ಲ. ಪುಡಿ ಸೊಪ್ಪು, ತಿರಸ್ಕೃತ ದರ್ಜೆ, ಕುಡಿ ಚಿವುಟಿದ ಮೇಲೆ ಎಲೆಕಂಕುಳಲ್ಲಿ ಹುಟ್ಟುವ ಚಿಗುರು, ಯಾವುದರಿಂದಲೂ ತೆಗೆಯಬಹುದು. ರಾಜಮಹೇಂದ್ರಿಯ ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆ ಈ ನಿಟ್ಟಿನಲ್ಲಿ ಬಹಳ ಕೆಲಸ ಮಾಡಿದೆ.

ಬೆಂಕಿ ಬಿದ್ದ ಮೇಲೆ

ಎಲೆಯಲ್ಲಿ ಇಷ್ಟೆಲ್ಲ ಇದ್ದರೆ ಅದನ್ನು ಸೇದಿದವರಿಗೂ ಒಂದಿಷ್ಟು ಒಳಿತಾಗಬೇಡವೇ ಎಂದು ಕೇಳುವವರುಂಟು. ರಸಾಯನಶಾಸ್ತ್ರದ ಉತ್ತರ ಸ್ಪಷ್ಟವಾಗಿದೆ. ಸಿಗರೇಟಿನ ತುದಿಯ ಉರಿಯಲ್ಲಿ ಕ್ಲೋರೊಜೆನಿಕ್ ಆಮ್ಲ ಮತ್ತು ರುಟಿನ್ ಒಡೆದು ಕೆಟೆಕೋಲ್ ಎಂಬ ವಸ್ತುವಾಗುತ್ತವೆ. ಇತರ ವಿಷಗಳೊಂದಿಗೆ ಸೇರಿ ಅದು ಕ್ಯಾನ್ಸರಿಗೆ ಕುಮ್ಮಕ್ಕು ಕೊಡುತ್ತದೆಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಸೊಲನೆಸಾಲ್ ಸುಟ್ಟಾಗ ಬಹುವಲಯ ಹೈಡ್ರೊಕಾರ್ಬನ್‌ಗಳು ಹುಟ್ಟುತ್ತವೆ. ಹೊಗೆಯ ಕ್ಯಾನ್ಸರ್‌ಕಾರಕಗಳಲ್ಲಿ ಅವೇ ಕುಖ್ಯಾತ. ಹೊಲದಲ್ಲಿ ಎಲೆಯನ್ನು ಕಾಯ್ದ ಅಣು, ಬ್ಯಾರನ್ನಿನಲ್ಲಿ ರೈತ ಜೋಪಾನ ಮಾಡಿದ ಅಣು, ತುಟಿಯ ಬಳಿ ಬರುವ ಹೊತ್ತಿಗೆ ಬೇರೆಯೇ ಆಗಿರುತ್ತದೆ.

ಹೊಗೆ ಬಿಡದೆ, ಉತ್ಕರ್ಷಣ ನಿರೋಧಕವನ್ನು ಮಾತ್ರೆಯಾಗಿ ನುಂಗಿದರೆ? ಅದನ್ನೂ ನೋಡಿದ್ದಾಯಿತು. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಹೊರಬಂತು. ತಂಬಾಕಿನ ಎಲೆಗೂ ಹಳದಿ ಕೊಡುವ ಬೀಟಾ ಕ್ಯಾರೋಟಿನ್ ಅನ್ನು ದಿನಕ್ಕೆ 20 ಮಿಲಿಗ್ರಾಂ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇಳಿಯುವ ಬದಲು ಶೇಕಡಾ 18ರಷ್ಟು ಏರಿತ್ತು. ಅಮೆರಿಕದ ಅಂತಹದೇ ಇನ್ನೊಂದು ಅಧ್ಯಯನವನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ‘ಉತ್ಕರ್ಷಣ ನಿರೋಧಕ’ ಎಂಬ ಮುದ್ರೆ ಕಂಡೊಡನೆ ಗುಳಿಗೆ ಕೊಳ್ಳುವವರು, ಆಲಿವ್ ಎಲೆಯದಾಗಲಿ ಬೇರೆಯದಾಗಲಿ, ಈ ಅಂಕಿಗಳನ್ನು ಒಮ್ಮೆ ಓದುವುದು ಒಳ್ಳೆಯದು.

ಅರಕಲಗೂಡಿನ ಮಟ್ಟಿಗೆ

ತಂಬಾಕು ನಿಯಂತ್ರಣದ ಅಂತಾರಾಷ್ಟ್ರೀಯ ಒಪ್ಪಂದವನ್ನು ಭಾರತ 2004ರಲ್ಲಿ ಅನುಮೋದಿಸಿತು. ಬೆಳೆಗಾರರಿಗೆ ಬದಲಿ ಜೀವನೋಪಾಯ ಒದಗಿಸಬೇಕೆಂಬುದು ಆ ಒಪ್ಪಂದದಲ್ಲೇ ಇದೆ. ಇತ್ತ ಒಂದು ಕಿಲೋ ಸೊಪ್ಪು ಹದಗೊಳಿಸಲು ನಾಲ್ಕೈದು ಕಿಲೋ ಕಟ್ಟಿಗೆ ಉರಿಯುತ್ತದೆ. ಸುತ್ತಲಿನ ಮರಗಳು ಇದಕ್ಕೆ ತೆತ್ತ ಬೆಲೆ ಯಾವ ಹರಾಜಿನಲ್ಲೂ ಕೂಗಿದ್ದಲ್ಲ. ಆಲೂಗೆಡ್ಡೆ, ಶುಂಠಿ, ಮುಸುಕಿನ ಜೋಳ ಎಂದು ರೈತರು ಬದಲಿಸಿ ನೋಡದೆ ಇಲ್ಲ. ಆದರೆ ಮಳೆಯಾಶ್ರಯದಲ್ಲಿ ಇಷ್ಟು ಹಣ ಕೊಟ್ಟು, ಜೊತೆಗೆ ನಿಶ್ಚಿತ ಮಾರುಕಟ್ಟೆಯನ್ನೂ ಕೊಡುವ ಬೆಳೆ ಸುಲಭವಾಗಿ ಸಿಗುವುದಿಲ್ಲ.

ಹಾಗಾದರೆ ಸುಡುವ ಬದಲು ಸಾರ ತೆಗೆದರಾಗದೇ? ಸೊಲನೆಸಾಲ್ ತೆಗೆಯಲು ಕಟ್ಟಿಗೆಯ ಒಲೆಯೂ ಬೇಡ, ನಿದ್ದೆಗೆಡುವುದೂ ಬೇಡ. ನೆರಳಿನಲ್ಲಿ ಒಣಗಿದ ಎಲೆ, ಒಂದು ದ್ರಾವಕ ಘಟಕ, ಒಬ್ಬ ಖರೀದಿದಾರ ಸಾಕು. ಮೊದಲ ಎರಡಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ತೊಡಕಿರುವುದು ಮೂರನೆಯದರಲ್ಲಿ. ಇಂದು ಜಗತ್ತಿನ ಕ್ಯೂ10ನ ಬಹುಪಾಲು ತಯಾರಾಗುವುದು ತೊಟ್ಟಿಗಳಲ್ಲಿ ಬೆಳೆಸಿದ ಸೂಕ್ಷ್ಮಜೀವಿಗಳಿಂದ. ಅವು ಹತ್ತೂ ಕೊಂಡಿಗಳನ್ನು ತಾವೇ ಜೋಡಿಸುತ್ತವೆ. ಕೌಚ್‌ಗೆ ಬಕ್‌ವೀಟ್ ಅಡ್ಡ ಬಂದಂತೆ ಇಲ್ಲಿ ಬ್ಯಾಕ್ಟೀರಿಯ ಅಡ್ಡ ಬಂದಿದೆ. ಈ ಎಲೆಯಲ್ಲಿರುವುದು ಸೊಲನೆಸಾಲ್ ಒಂದೇ ಅಲ್ಲ ಎಂಬುದು ಮಾತ್ರ ರೈತರ ಪರವಾದ ಅಂಶ. ಅದೇ ಎಲೆಯಿಂದ ನಿಕೋಟಿನ್ ಅನ್ನೂ, ಹಸಿಯಾಗಿದ್ದರೆ ಪ್ರೋಟೀನನ್ನೂ, ಬೀಜದಿಂದ ಎಣ್ಣೆಯನ್ನೂ ತೆಗೆಯಬಹುದು. ನಾಲ್ಕನ್ನೂ ಒಂದೇ ಕಡೆ ತೆಗೆದು ಮಾರಿದರೆ ಕಿಲೋ ಸೊಪ್ಪಿಗೆ ಎಷ್ಟು ಗಿಟ್ಟೀತು ಎಂಬ ಲೆಕ್ಕವನ್ನು ರಾಮನಾಥಪುರದ ಹರಾಜಿನ ಬೆಲೆಯ ಪಕ್ಕದಲ್ಲಿಟ್ಟು ನೋಡುವ ಕೆಲಸ ಆಗಬೇಕಾಗಿದೆ.